ಕಾರ್ಪೆಟ್ ತೊಳೆಯೋ ಮಿಷನ್ನಲ್ಲಿ ನೀರು ಬರ್ತಿಲ್ಲ: ರಿಪೇರಿ ಮಾಡಿಸ್ಲಾ, ಹೊಸದು ತಗೊಳ್ಲಾ?

ಟಿಕೆ ಲೇಔಟ್ ಟೀಚರ್ (ಭಾನುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನವರಾತ್ರಿಗೆ ಇನ್ನು ಮೂರು ವಾರ ಇದೆ, ಈಗಲೇ ನನ್ನ ಕಾರ್ಪೆಟ್ ತೊಳೆಯೋ ಮಿಷನ್ ಕೈ ಕೊಟ್ಟಿದೆ. ಮಗ ನಾಲ್ಕು ವರ್ಷದ ಹಿಂದೆ ಅಮೆರಿಕದಿಂದ ಬರುವಾಗ ಸೂಟ್‌ಕೇಸಲ್ಲಿ ಸ್ವೆಟರುಗಳ ಮಧ್ಯೆ ಸುತ್ತಿ ತಂದಿದ್ದು. ಕೈಯಲ್ಲಿ ಹಿಡಿದು ಓಡಾಡೋ ಸಣ್ಣದು. ಒಂದು ಕಡೆ ಒಳ್ಳೆ ನೀರಿನ ಡಬ್ಬ, ಇನ್ನೊಂದು ಕಡೆ ಕೊಳೆನೀರಿನ ಡಬ್ಬ, ಉದ್ದನೆ ಪೈಪು, ಅದರ ತುದಿಗೆ ಬ್ರಷ್ಷು. ಟ್ರಿಗರ್ ಒತ್ತಿದರೆ ನೀರು ಚಿಮ್ಮತ್ತೆ, ಬಿಟ್ಟು ಎಳೆದರೆ ಹೀರತ್ತೆ. ಈಗ ಹೀರೋದು ಹೀರತ್ತೆ, ಸದ್ದಿಗೇನೂ ಕಮ್ಮಿ ಇಲ್ಲ. ನೀರು ಮಾತ್ರ ಒಂದು ಹನಿ ಬರ್ತಿಲ್ಲ.

ರಿಪೇರಿಯವರೊಬ್ಬರು ಮನೆಗೇ ಬಂದರು. ಐದು ನಿಮಿಷ ನೋಡಿ, "ಮೋಟಾರ್ ಹೋಗಿದೆ ಆಂಟಿ, 4,800 ಆಗತ್ತೆ, ಹೊಸದೇ ತಗೊಂಬಿಡಿ" ಅಂದು, ನೋಡಿದ್ದಕ್ಕೆ 350 ರೂಪಾಯಿ ಇಸ್ಕೊಂಡು ಹೋದರು.

ತೊಳೆಯಬೇಕಾಗಿರೋದು ಒಂದೇ ಕಾರ್ಪೆಟ್. ಬೈಲುಕುಪ್ಪೆಯಲ್ಲಿ ತಗೊಂಡ ಉಣ್ಣೆಯದು, ಮೂರಡಿಗೆ ಆರಡಿ. ಗೊಂಬೆ ಮೆಟ್ಟಿಲ ಮುಂದೆ ಹಾಸೋದು ಅದನ್ನೇ. ಹೋದ ವರ್ಷ ಗೊಂಬೆ ಬಾಗಿನಕ್ಕೆ ಬಂದ ಮಕ್ಕಳಲ್ಲಿ ಯಾರೋ ಅರಿಶಿನ ಕುಂಕುಮದ ತಟ್ಟೆ ಎಡವಿದ್ದಾರೆ. ಆ ಕಲೆ ಇನ್ನೂ ಕೂತಿದೆ. ಏನು ಮಾಡೋದು ಹೇಳಿ.

ಎರಡು ನಾಯಿ ಒಂದು ಸೋಫಾ (ಭಾನುವಾರ ರಾತ್ರಿ)

ಮೇಡಂ, 4,800 ಕೊಡಬೇಡಿ. ಅದಕ್ಕೆ ಸ್ವಲ್ಪ ಸೇರಿಸಿದರೆ ಧೂಳು, ನೀರು ಎರಡನ್ನೂ ಹೀರೋ ಒಂದು ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ಬರತ್ತೆ. ನಮ್ಮನೇಲಿ ಎರಡು ನಾಯಿ ಇದಾವೆ. ಮೂರು ಥರದ ಮಿಷನ್ ಉಪಯೋಗಿಸಿ ನೋಡಿದೀನಿ, ಪುರುಸೊತ್ತಾದಾಗ ವಿವರವಾಗಿ ಬರೀತೀನಿ.

ಹಳೇ ಮೋಟಾರ್ (ಭಾನುವಾರ ರಾತ್ರಿ)

ಹೊಸದು ತಗೊಳ್ಳೋ ಮಾತು ಆಮೇಲೆ. ಟೀಚರ್, ನಾನು ಮೈಸೂರಿನ ಮೇಟಗಳ್ಳಿ ಕಡೆ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು. ಈಗ ಕಣ್ಣು ಸಾಲದು, ಬಾಯಿ ಇದೆ. ನೀವೇ ಬರೆದಿದೀರಿ, ಹೀರೋದು ಹೀರತ್ತೆ ಅಂತ. ಹಾಗಾದರೆ ಮೋಟಾರ್ ಎಲ್ಲಿ ಹೋಯ್ತು? ಈ ಮಿಷನ್ನಲ್ಲಿ ಕೆಲಸ ಮಾಡೋರು ಇಬ್ಬರು. ಹೀರೋಕೆ ಒಂದು ಮೋಟಾರ್, ನೀರು ತಳ್ಳೋಕೆ ಬೇರೆ ಒಂದು ಪುಟ್ಟ ಪಂಪು. ಒಬ್ಬ ರಜಾ ಹಾಕಿದ ಅಂತ ಇನ್ನೊಬ್ಬನ ತಿಥಿ ಮಾಡೋದಾ?

ಮೂರು ವಿಷಯ ತಿಳಿಸಿ. ಮಿಷನ್ ಅಡಿಯ ಲೇಬಲ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತಿದೆ? ಇಲ್ಲಿ ಯಾವುದಕ್ಕೆ ಚುಚ್ಚುತ್ತಿದ್ದಿರಿ? ಟ್ರಿಗರ್ ಒತ್ತಿದಾಗ "ಗುರ್ರ್" ಅಂತ ಬೇರೆ ಸದ್ದು ಸೇರಿಕೊಳ್ಳುತ್ತಾ?

ಟಿಕೆ ಲೇಔಟ್ ಟೀಚರ್ (ಸೋಮವಾರ ಬೆಳಿಗ್ಗೆ)

ಸರ್, ಲೇಬಲ್ ಮೇಲೆ 120 ವೋಲ್ಟ್, 60 ಹರ್ಟ್ಜ್, 3 ಆಂಪ್ ಅಂತಿದೆ. ಮಗ ಒಂದು ಕಬ್ಬಿಣದ ಪೆಟ್ಟಿಗೆ ಕೊಡಿಸಿದ್ದ, 500 ವಾಟ್ ಅಂತ ಬರೆದಿದೆ, ಅದರ ಮೂಲಕವೇ ಹಾಕೋದು. ಟ್ರಿಗರ್ ಒತ್ತಿದಾಗ ಹಿಡಿ ಸ್ವಲ್ಪ ಜುಮ್ ಅನ್ನತ್ತೆ. ಶಾಕ್ ಅಲ್ಲ, ನಡುಕದ ಹಾಗೆ.

ಹಳೇ ಮೋಟಾರ್ (ಸೋಮವಾರ ಮಧ್ಯಾಹ್ನ)

ಭೇಷ್. 120ನ್ನು 3ರಿಂದ ಗುಣಿಸಿದರೆ 360 ವಾಟ್. ನಿಮ್ಮ ಕಬ್ಬಿಣದ ಪೆಟ್ಟಿಗೆ ನಮ್ಮ 230 ವೋಲ್ಟನ್ನ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, 500 ವಾಟಿನದು ಧಾರಾಳ ಆಯ್ತು. ಪಿನ್ ಬದಲಾಯಿಸೋ ಅಡಾಪ್ಟರ್ ಒಂದನ್ನೇ ಹಾಕಿ ನೇರ 230ಕ್ಕೆ ಚುಚ್ಚಿ ಸುಟ್ಟುಕೊಂಡ ಅಮೆರಿಕದ ಮಿಕ್ಸಿ, ಹೇರ್ ಡ್ರೈಯರ್ ಎಷ್ಟೋ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸತ್ತೆ ಅಷ್ಟೇ, ವೋಲ್ಟೇಜ್ ಇಳಿಸಲ್ಲ.

ಹರ್ಟ್ಜ್ ವಿಷಯಾನೂ ಹೇಳಿಬಿಡ್ತೀನಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸಬಹುದು, ನಮ್ಮ 50 ಹರ್ಟ್ಜನ್ನು ಅವರ 60 ಮಾಡೋಕೆ ಆಗಲ್ಲ. ಹೀರೋ ಮೋಟಾರಿಗೆ ಅದರಿಂದ ತೊಂದರೆ ಇಲ್ಲ, ಅದು ಮಿಕ್ಸಿ ಥರದ ಕಾರ್ಬನ್ ಮೋಟಾರ್. ನಡುಗೋ ಪಂಪು ಹಾಗಲ್ಲ. ಅದರೊಳಗೆ ಸುರುಳಿ ಮಧ್ಯೆ ಒಂದು ಕಬ್ಬಿಣದ ಕಡ್ಡಿ ಕರೆಂಟಿನ ತಾಳಕ್ಕೆ ಹಿಂದೆ ಮುಂದೆ ಗುದ್ದುತ್ತಿರತ್ತೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ ಗುದ್ದೋದು ಇಲ್ಲಿ 50 ಸಲ. ನೀರು ಅಲ್ಲಿಗಿಂತ ಸ್ವಲ್ಪ ಕಮ್ಮಿ, ಬಿಸಿ ಸ್ವಲ್ಪ ಜಾಸ್ತಿ. ಮಧ್ಯೆ ಮಧ್ಯೆ ಬಿಡುವು ಕೊಡಿ.

ಹಿಡಿ ನಡುಗ್ತಿದೆ ಅಂದ್ರೆ ಪಂಪು ಗುದ್ದುತ್ತಾ ಇದೆ, ಅದಕ್ಕೆ ನೀರು ಸಿಗ್ತಿಲ್ಲ. ಇಲ್ಲಾ ಸಿಕ್ಕಿದ ನೀರಿಗೆ ಹೊರಗೆ ದಾರಿ ಇಲ್ಲ. ಒಳ್ಳೆ ನೀರಿನ ಡಬ್ಬ ಕಿತ್ತು ಅದರ ತಳದ ವಾಲ್ವು ಒತ್ತಿ ನೋಡಿ, ನೀರು ಸರಾಗ ಸುರಿಯಬೇಕು. ಅಲ್ಲಿರೋ ಚಿಕ್ಕ ಜಾಲರಿ ತೊಳೀರಿ. ಆಮೇಲೆ ಬ್ರಷ್ಷಿನ ಬಾಯಿ ಬಿಚ್ಚಿ ನೀರು ಚಿಮ್ಮೋ ತೂತು ನೋಡಿ. ಗೀಸರ್ ಕಾಯಿಲ್ ಮೇಲೆ ಕಟ್ಟೋ ಹಾಗೆ ಬಿಳಿ ಕಟ್ಟಿದೆಯಾ?

ಟಿಕೆ ಲೇಔಟ್ ಟೀಚರ್ (ಸೋಮವಾರ ಸಂಜೆ)

ಕಟ್ಟಿದೆ! ಹಂಡೆ ಒಳಗಿನ ಸುಣ್ಣದ ಹಾಗೇ ಇದೆ. ನಮ್ಮ ಸಂಪಿಗೆ ಕಾವೇರಿ ನೀರೂ ಬರತ್ತೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರೂ ಸೇರತ್ತೆ. ಹೊಲಿಗೆ ಸೂಜಿಯಿಂದ ಚುಚ್ಚಲಾ?

ಹಳೇ ಮೋಟಾರ್

ಸೂಜಿ ಮುಟ್ಟಬೇಡಿ!! ಆ ತೂತು ನೀರನ್ನ ಬೀಸಣಿಗೆ ಥರ ಹರಡೋ ಹಾಗೆ ಕೊರೆದಿರತ್ತೆ. ಸೂಜಿ ಅದನ್ನ ಅಗಲ ಮಾಡಿಬಿಟ್ಟರೆ ಆಮೇಲೆ ನಲ್ಲಿ ನೀರಿನ ಹಾಗೆ ಒಂದೇ ಕಡೆ ಸುರಿಯತ್ತೆ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ, ತುದೀನ ಅರ್ಧ ಗಂಟೆ ನೆನೆಸಿಡಿ. ಪುಡಿ ಇಲ್ಲದಿದ್ದರೆ ಬಿಳಿ ವಿನೆಗರ್. ಸುಣ್ಣ ಬುರುಗು ಬುರುಗಾಗಿ ಬಿಡತ್ತೆ. ಹಳೇ ಟೂತ್‌ಬ್ರಷ್ಷಿನ ಒಂದು ಎಳೆ ಕಿತ್ತು ಅದರಲ್ಲಿ ಚುಚ್ಚಿ, ಪರವಾಗಿಲ್ಲ.

ಆಮೇಲೂ ಬರದಿದ್ದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಡಬ್ಬ ಮೇಜಿನ ಮೇಲಿಟ್ಟು ಬ್ರಷ್ಷಿನ ತುದಿ ನೆಲಕ್ಕೆ ಇಳಿಬಿಡಿ. ಸೂಜಿ ಇಲ್ಲದ ಇಂಜೆಕ್ಷನ್ ಸಿರಿಂಜನ್ನ ತೂತಿಗೆ ಒತ್ತಿಟ್ಟು, ಟ್ರಿಗರ್ ಹಿಡಿದು ಗಾಳಿ ಎಳೀರಿ. ನೀರಿಲ್ಲದೆ ನಿಮಿಷಗಟ್ಟಲೆ ಪಂಪು ಓಡಿಸಬೇಡಿ. ಅದಕ್ಕೆ ತಂಪು ಕೊಡೋದೂ ಆ ನೀರೇ.

ಅಂಟುವಾಳ (ಸೋಮವಾರ ರಾತ್ರಿ)

ಒಂದು ಕಾರ್ಪೆಟ್ಟಿಗೆ ಇಷ್ಟೊಂದು ವೈದ್ಯ! ನಮ್ಮ ಕಾಲದಲ್ಲಿ ಜಮಖಾನೇನ ಟೆರೇಸಿಗೆ ಒಯ್ದು, ಅಂಟುವಾಳ ನೆನೆಸಿದ ನೀರು ಹಾಕಿ, ಕಾಲಲ್ಲಿ ತುಳಿದು ಒಗೀತಿದ್ವಿ.

ಶಾಮಿಯಾನ ಮಂಡ್ಯ (ಸೋಮವಾರ ರಾತ್ರಿ)

ಅಕ್ಕ ಯೋಳಿದ್ದು ಸರಿ, ಜಮಖಾನಕ್ಕೆ ಅದೇ ಆಯ್ತದೆ. ನಾವು ಮಂಡ್ಯದಲ್ಲಿ ಶಾಮಿಯಾನ ಆಕೋರು. ಮದ್ವೆ ಮನೆ ಕೆಂಪು ಕಾರ್ಪೆಟ್ಗೆ ಈ ಮಿಷನ್ನು ಗಿಷನ್ನು ಯಾವ್ದೂ ಇಲ್ಲ. ಅದು ನೇಯ್ದಿರೋದಲ್ಲ, ಪ್ಲಾಸ್ಟಿಕ್ ನಾರನ್ನ ಒತ್ತಿರೋದು. ಇಳಿಜಾರಲ್ಲಿ ಹಾಸಿ, ಬೈಕ್ ತೊಳೆಯೋ ಪ್ರೆಶರ್ ಪಂಪಲ್ಲಿ ಒಡ್ದು, ಬಿದಿರು ಗಳದ ಮ್ಯಾಲೆ ಏರಾಕದು. ಮಾಘದಲ್ಲಿ ಒಂದೇ ದಿನಕ್ಕೆ ಒಣಗ್ತದೆ. ಆಷಾಢದ ಮಳೇಲಿ ಮೂರು ದಿನ ಆದ್ರೂ ಬುಡದಲ್ಲಿ ವಾಸ್ನೆ ಓಗಕಿಲ್ಲ. ಮಳೆಗಾಲದಲ್ಲಿ ನಮ್ಮೆಂಡ್ತಿ ಅದ್ನ ಮನೆ ಒಳಿಕ್ಕೇ ಬುಡಕಿಲ್ಲ.

ಉಣ್ಣೇದ್ಕೆ ಮಾತ್ರ ಪ್ರೆಶರ್ ಪಂಪ್ ಇಡೀಬ್ಯಾಡಿ ಟೀಚರಮ್ಮ. ಒಂದ್ಸಲ ಒಬ್ರು ಮನೇದು ಇಡ್ದು, ಕೂದ್ಲೆಲ್ಲಾ ಕಿತ್ಕಂಡು ಬಂದು, ದುಡ್ಡು ಕಟ್ಕೊಟ್ಟಿವ್ನಿ.

ಬೈಲುಕುಪ್ಪೆ ದಾರಿ (ಮಂಗಳವಾರ ಬೆಳಿಗ್ಗೆ)

ಪಿರಿಯಾಪಟ್ಟಣದಿಂದ ಬರೀತಿದೀನಿ. ಬೈಲುಕುಪ್ಪೆ ನಮ್ಮ ತಾಲ್ಲೂಕೇ. ಟಿಬೆಟಿಯನ್ನರು ಮಗ್ಗದಲ್ಲಿ ಕೈಯಿಂದ ಗಂಟು ಹಾಕಿ ಮಾಡೋ ಕಾರ್ಪೆಟ್ ನಮ್ಮನೇಲೂ ಎರಡಿವೆ. ಟೀಚರ್, ನಿಮ್ಮದನ್ನ ತಿರುಗಿಸಿ ನೋಡಿ. ಹಿಂದೆ ಗಂಟುಗಳು ಕಾಣತ್ತೆ, ಅಂಚಲ್ಲಿ ಬಿಳಿ ಹತ್ತಿ ದಾರ ಕಾಣಬಹುದು. ಮೇಲೆ ಉಣ್ಣೆ, ಒಳಗೆ ಹತ್ತಿ. ಹತ್ತಿ ತುಂಬ ನೆಂದು ನಿಧಾನಕ್ಕೆ ಒಣಗಿದರೆ ಕಂದು ಬಣ್ಣ ಮೇಲಕ್ಕೆ ಏರತ್ತೆ.

ಉಣ್ಣೆಗೆ ಬಿಸಿನೀರು ಬೇಡ, ಸೋಡಾ ಬೇಡ, ಬ್ಲೀಚ್ ಅಂತೂ ಬೇಡವೇ ಬೇಡ. ಮೊದಲು ಮೂಲೆಯಲ್ಲಿ ಬಿಳಿ ಬಟ್ಟೆ ಒದ್ದೆ ಮಾಡಿ ಒಂದು ನಿಮಿಷ ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಮಿಷನ್ ಆಸೆ ಬಿಟ್ಟುಬಿಡಿ. ಅದಿರಲಿ, ಆ ಕಲೆಗೆ ಇದುವರೆಗೆ ಏನು ಹಾಕಿದ್ರಿ?

ಟಿಕೆ ಲೇಔಟ್ ಟೀಚರ್ (ಮಂಗಳವಾರ ಮಧ್ಯಾಹ್ನ)

ಮೊದಲು ಶುಭ ಸಮಾಚಾರ: ನೀರು ಬಂತು! ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸಿ, ಸಿರಿಂಜಲ್ಲಿ ಎಳೆದ ಮೇಲೆ ಮೊದಲು ಕೆಮ್ಮಿತು, ಆಮೇಲೆ ಬೀಸಣಿಗೆ ಹಾಗೆ ಚಿಮ್ಮಿತು. ಖರ್ಚು ಮೂವತ್ತು ರೂಪಾಯಿ.

ಈಗ ತಪ್ಪೊಪ್ಪಿಗೆ. ಕಲೆಗೆ ಆವತ್ತೇ ವಾಷಿಂಗ್ ಸೋಡಾ ಹಾಕಿ ಉಜ್ಜಿದ್ದೆ. ಹಳದಿ ಇದ್ದದ್ದು ಕೆಂಪಾಯಿತು. ಕುಂಕುಮ ಬಣ್ಣ ಬಿಡ್ತು ಅಂದುಕೊಂಡು ಇನ್ನೂ ಎರಡು ಚಮಚ ಹಾಕಿದೆ.

ಬೈಲುಕುಪ್ಪೆ ದಾರಿ

ಅಯ್ಯೋ ಟೀಚರ್! ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿದರೆ ಓಕುಳಿ ಕೆಂಪಾಗಲ್ವಾ? ಅದೇ ಆಗಿರೋದು. ಸುಣ್ಣ, ಸೋಡಾ, ಬಟ್ಟೆ ಸೋಪು, ಯಾವ ಕ್ಷಾರ ತಾಗಿದರೂ ಅರಿಶಿನ ಕೆಂಪಾಗತ್ತೆ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ತಣ್ಣೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒತ್ತಿ, ಉಜ್ಜಬೇಡಿ. ಹಳದಿಗೆ ವಾಪಸ್ ಬರತ್ತೆ. ಅಲ್ಲಿ ಉಳಿದಿರೋ ಸೋಡಾನೂ ಸಾಯತ್ತೆ, ಉಣ್ಣೆಗೆ ಅದು ಮುಖ್ಯ. ಹಳದಿ ಪೂರ್ತಿ ಹೋಗೋದು ಬಿಸಿಲಿಗೇ, ಅರಿಶಿನದ ಬಣ್ಣ ಬೆಳಕಿಗೆ ತಡೆಯಲ್ಲ. ಆದರೆ ಇಡೀ ಕಾರ್ಪೆಟ್ ದಿನಗಟ್ಟಲೆ ಬಿಸಿಲಿಗೆ ಹಾಕಿದರೆ ಉಳಿದ ಬಣ್ಣವೂ ಮಂಕಾಗತ್ತೆ. ಕಲೆ ಇರೋ ಜಾಗ ಬಿಟ್ಟು ಮಿಕ್ಕಿದ್ದಕ್ಕೆ ದಪ್ಪ ಬೆಡ್‌ಶೀಟ್ ಮುಚ್ಚಿ.

ಎರಡು ನಾಯಿ ಒಂದು ಸೋಫಾ (ಮಂಗಳವಾರ ರಾತ್ರಿ)

ಹೇಳಿದ ಮಾತಿನ ಹಾಗೆ ಬರೀತಿದೀನಿ, ಉದ್ದ ಆಗತ್ತೆ, ಕ್ಷಮಿಸಿ.

ಮೊದಲನೇದು ಹಬೆ ಬಿಡೋ ಸ್ಟೀಮ್ ಕ್ಲೀನರ್. ಜಾಹೀರಾತು ನೋಡಿ ತಗೊಂಡೆ. ಇದು ಕಾರ್ಪೆಟ್ ಮಿಷನ್ನೇ ಅಲ್ಲ. ಬಿಸಿ ಹಬೆ ಒಳಗೆ ಹೋಗತ್ತೆ, ಹೊರಗೆ ಏನೂ ಬರಲ್ಲ. ನಾಯಿ ಉಚ್ಚೆ ಹೊಯ್ದ ಜಾಗಕ್ಕೆ ಬಿಟ್ಟೆ, ವಾಸನೆ ಮನೆಯೆಲ್ಲಾ ತುಂಬಿತು. ಅದಕ್ಕೆ ಎಂಜೈಮ್ ಇರೋ ಲಿಕ್ವಿಡ್ ತಣ್ಣೀರಲ್ಲಿ ಹಾಕಿ ಹೊತ್ತು ಬಿಟ್ಟು ಹೀರಬೇಕು. ಈಗ ಸ್ಟೀಮ್ ಕ್ಲೀನರ್ ಬಚ್ಚಲ ಟೈಲ್ಸಿಗೆ ಮೀಸಲು.

ಎರಡನೇದು ವೆಟ್ ಅಂಡ್ ಡ್ರೈ. ಇದು ಹೀರತ್ತೆ, ಚಿಮ್ಮಿಸಲ್ಲ. ಹಾಗಾಗಿ ಗಿಡಕ್ಕೆ ಔಷಧಿ ಹೊಡೆಯೋ 2 ಲೀಟರ್ ಕೈ ಸ್ಪ್ರೇಯರ್ ಹೊಸದು ತಗೊಂಡೆ (ಔಷಧಿ ಹಾಕಿದ್ದ ಹಳೇದು ಬೇಡ). ಒಂದು ಕೈಲಿ ಹೊಡಿ, ಇನ್ನೊಂದು ಕೈಲಿ ಹೀರು. ಅದರ ಜೊತೆ ಬರೋ ಅಗಲ ಬಾಯಿಯಲ್ಲಿ ಹೀರಿದರೆ ಗಾಳಿಯೇ ಜಾಸ್ತಿ ಬರತ್ತೆ. ಸೋಫಾಗೆ ಅಂತ ಕೊಡೋ ಕಿರಿದಾದ ಬಾಯಿ ಹಾಕಿ, ಗಟ್ಟಿ ಒತ್ತಿ, ನಿಧಾನಕ್ಕೆ ಎಳೆದರೆ ನೀರು ಕಣ್ಣಿಗೆ ಕಾಣೋ ಹಾಗೆ ಓಡತ್ತೆ.

ಮೂರನೇದು ಚಿಮ್ಮಿಸಿ ಹೀರೋವು. ಇದರಲ್ಲಿ ಗಾತ್ರದ ಮೇಲೆ ಲೆಕ್ಕ. ಬಿಸೆಲ್‌ನ ಲಿಟಲ್ ಗ್ರೀನ್‌ನಂಥ ಸಣ್ಣದರಲ್ಲಿ ಒಳ್ಳೆ ನೀರು 1.4 ಲೀಟರ್ ಹಿಡಿಯತ್ತೆ. ಕಲೆಗೆ ಸಾಕು, ಹಾಲ್ ತುಂಬ ಹಾಸಿರೋದಕ್ಕೆ ಸಾಲದು. ಕಾರ್ಚರ್‌ನ ಎಸ್ಇ 4001 ಮನೆಗೆ ಅಂತಲೇ ಮಾಡಿರೋದು, 4 ಲೀಟರ್ ಟ್ಯಾಂಕು, 1400 ವಾಟ್. ಅದೇ ಕಂಪನಿಯ ಪುಜ್ಜಿ 10/1 ಹೋಟೆಲ್, ಕಾರ್ ವಾಶ್‌ನವರು ಇಟ್ಟುಕೊಳ್ಳೋದು: 10 ಲೀಟರ್ ಟ್ಯಾಂಕು, ನಿಮಿಷಕ್ಕೆ 1 ಲೀಟರ್ ಚಿಮ್ಮಿಸತ್ತೆ. ಅಂಥದೊಂದನ್ನ ಒಂದು ದಿನಕ್ಕೆ ಬಾಡಿಗೆಗೆ ತಂದಿದ್ದೆ. ಸೋಫಾದಿಂದ ಬಂದ ನೀರು ನೋಡಿ ನನ್ನ ಹೆಂಡತಿ ಎರಡು ದಿನ ಅದರ ಮೇಲೆ ಕೂರಲಿಲ್ಲ.

ಕೊಳ್ಳೋವಾಗ ಎಲ್ಲರೂ ಎಷ್ಟು ಜೋರಾಗಿ ಚಿಮ್ಮತ್ತೆ ಅಂತ ನೋಡ್ತಾರೆ. ಎಷ್ಟು ವಾಪಸ್ ಬರತ್ತೆ ಅಂತ ನೋಡಬೇಕು. ನಾನು ಹಾಲಿನ ಅಳತೆ ಪಾತ್ರೆ ಇಟ್ಟು ಅಳೆದೆ. ಒಂದು ಲೀಟರ್ ಹಾಕಿದರೆ ವೆಟ್ ಅಂಡ್ ಡ್ರೈನ ಅಗಲ ಬಾಯಲ್ಲಿ ಅರ್ಧ ಲೀಟರ್ ಚಿಲ್ಲರೆ ಬಂತು, ಕಿರಿದಾದ ಬಾಯಲ್ಲಿ ಮುಕ್ಕಾಲು, ಬಾಡಿಗೆ ದೊಡ್ಡದರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕಿದ್ದು ಕಾರ್ಪೆಟ್ಟಿನಲ್ಲೇ ಉಳೀತು ಅಂತ ತಾನೇ? ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯೋದು ಅದೇ ನೀರಿಗೆ.

ಒಣ ವ್ಯಾಕ್ಯೂಮ್‌ನಲ್ಲಿ ಯಾರೂ ನೀರು ಹೀರಬೇಡಿ ಅಂತಲೂ ಹೇಳ್ತೀನಿ.

ಹಳೇ ಮೋಟಾರ್ (ಬುಧವಾರ ಬೆಳಿಗ್ಗೆ)

ಆ ಕೊನೇ ಸಾಲಿಗೆ ಕಾರಣ ಹೇಳ್ತೀನಿ. ಒಣ ವ್ಯಾಕ್ಯೂಮ್‌ನಲ್ಲಿ ಹೀರಿದ ಗಾಳಿಯೇ ಮೋಟಾರ್ ಸುರುಳಿ ಮೇಲೆ ಹಾದು ತಂಪು ಮಾಡತ್ತೆ. ನೀರು ಹೀರಿದರೆ ಅದೂ ಅಲ್ಲಿಗೇ ಹೋಗತ್ತೆ. ನೀರಿನ ಮಿಷನ್ನಲ್ಲಿ ಮೋಟಾರಿಗೆ ತಂಪು ಗಾಳಿ ಬೇರೆ ದಾರೀಲಿ ಬರತ್ತೆ.

ಇನ್ನೊಂದು, 1400 ವಾಟ್ ಅಂದ್ರೆ 230 ವೋಲ್ಟಿಗೆ 6 ಆಂಪ್ ದಾಟತ್ತೆ. ಟಿವಿ ಪಕ್ಕದ ಸಣ್ಣ ಪ್ಲಗ್ಗಿಗೆ ಚುಚ್ಚಬೇಡಿ, ಗೀಸರಿಗೆ ಇರೋ 16 ಆಂಪ್ ಸಾಕೆಟ್ಟಿಗೇ ಹಾಕಿ. ಒದ್ದೆ ಕಾರ್ಪೆಟ್ ಮೇಲೆ ನಿಂತು ಮಾಡೋ ಕೆಲಸ ಇದು. ಮನೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್ಚು) ಇಲ್ಲದಿದ್ದರೆ, ಮಿಷನ್ ಆಮೇಲೆ ತಗೊಳ್ಳಿ, ಅದನ್ನ ಮೊದಲು ಹಾಕಿಸಿ.

ಗುತ್ತಲು ರೋಡ್ (ಬುಧವಾರ ಸಂಜೆ)

ಮಧ್ಯೆ ಬಾಯಿ ಹಾಕ್ತೀನಿ. ನನ್ನದು ವೆಟ್ ಅಂಡ್ ಡ್ರೈ, ಐದು ವರ್ಷದ್ದು. ಓಡುವಾಗ ಹಿಂದಿನ ಕಿಂಡಿಯಲ್ಲಿ ನೀಲಿ ಕಿಡಿ, ಸುಟ್ಟ ವಾಸನೆ, ಒಮ್ಮೊಮ್ಮೆ ನಿಂತು ತಟ್ಟಿದರೆ ಹೊರಡತ್ತೆ. ಎಸೆಯೋದಾ?

ಹಳೇ ಮೋಟಾರ್

ತಟ್ಟಿದರೆ ಹೊರಡೋದು ಕಾರ್ಬನ್, ಅಂದ್ರೆ ತಿರುಗೋ ಉರುಳೆಗೆ ತಾಗಿ ಕರೆಂಟ್ ಕೊಡೋ ತುಂಡು, ಸವೆದಿರೋ ಲಕ್ಷಣ. ಮಂಡ್ಯದಲ್ಲಿ ಮಿಕ್ಸಿ ರಿಪೇರಿಯವರು ಯಾರು ಬೇಕಾದರೂ ಮಾಡಿಕೊಡ್ತಾರೆ. ಹಳೇ ಕಾರ್ಬನ್ ಎರಡನ್ನೂ ಸ್ಯಾಂಪಲ್ ತಗೊಂಡು ಹೋಗಿ. ಅಲ್ಲಿ ಸಿಗದಿದ್ದರೆ ಮೈಸೂರಿನ ಶಿವರಾಂಪೇಟೆ ಸುತ್ತಿ ನೋಡಿ. ಸರಿ ಅಳತೆ ಇಲ್ಲದಿದ್ದರೆ ಕೊಂಚ ದಪ್ಪದ್ದು ತಂದು ಸ್ಯಾಂಡ್‌ಪೇಪರ್ ಮೇಲೆ ತೇಯ್ದು ಕೂರಿಸಬಹುದು. ಬದಲಾಯಿಸಿದರೆ ಜೋಡಿಯಾಗೇ ಬದಲಾಯಿಸಿ. ತಾಮ್ರದ ಉರುಳೆ ಮೇಲೆ ಗೀರು ಬಿದ್ದು ಹಳ್ಳ ಆಗಿದ್ದರೆ ಮಾತ್ರ ಮೋಟಾರ್ ಬದಲಾಯಿಸೋ ಯೋಚನೆ ಮಾಡಿ.

ಟಿಕೆ ಲೇಔಟ್ ಟೀಚರ್ (ಶನಿವಾರ ಸಂಜೆ)

ಹೊಸ ರಗಳೆ. ವಿನೆಗರ್ ಹಾಕಿದ್ದಕ್ಕೆ ಕಲೆ ಹಳದಿಗೆ ತಿರುಗಿದೆ, ಕೈ ಮುಗಿದೆ. ಇವತ್ತು ಹಳೇ ಜಮಖಾನದ ಮೇಲೆ ಮಿಷನ್ ಪರೀಕ್ಷೆ ಮಾಡಿದೆ. ನೀರು ಚೆನ್ನಾಗಿ ಚಿಮ್ಮತ್ತೆ, ಈಗ ಹೀರೋದು ನಿಂತಿತು! ಸದ್ದು ಮಾತ್ರ ಮೊದಲಿಗಿಂತ ಕೀರಲು. ಕೊಳೆ ಡಬ್ಬದ ತುಂಬ ನೊರೆ. ಒಂದು ಲೀಟರ್ ಹಾಕಿದ್ದಕ್ಕೆ ಕಾಲು ಲೀಟರೂ ಬರಲಿಲ್ಲ.

ಹಳೇ ಮೋಟಾರ್

ಬಟ್ಟೆ ಸೋಪಿನ ಪುಡಿ ಹಾಕಿದ್ರಾ?

ಟಿಕೆ ಲೇಔಟ್ ಟೀಚರ್

ಒಂದೇ ಚಮಚ. ಒಂದೂವರೆ ಇರಬಹುದು.

ಹಳೇ ಮೋಟಾರ್ (ಶನಿವಾರ ರಾತ್ರಿ)

ಕೊಳೆ ಡಬ್ಬದ ಒಳಗೆ ಒಂದು ಬೆಂಡಿನ ಥರದ ತೇಲು ಇದೆ ನೋಡಿ. ಡಬ್ಬ ತುಂಬಿದಾಗ ಅದು ಮೇಲೆ ತೇಲಿ ಗಾಳಿ ದಾರಿ ಮುಚ್ಚಿ ಮೋಟಾರಿಗೆ ನೀರು ಹೋಗದ ಹಾಗೆ ತಡೀಬೇಕು. ನೊರೆ ಬಂದರೆ ಡಬ್ಬ ಖಾಲಿ ಇದ್ದರೂ ಅದು ಏರಿ ಮುಚ್ಚಿಕೊಳ್ಳತ್ತೆ. ಸದ್ದು ಕೀರಲಾಗಿದ್ದು ಅದಕ್ಕೇ. ಡಬ್ಬ ಚೆಲ್ಲಿ, ತೇಲನ್ನ ತೊಳೆದು, ಸಲೀಸಾಗಿ ಆಡುತ್ತಾ ನೋಡಿ. ಖಾಲಿ ಡಬ್ಬಕ್ಕೆ ಎರಡು ಚಮಚ ವಿನೆಗರ್ ಹಾಕಿಟ್ಟರೆ ನೊರೆ ತಗ್ಗತ್ತೆ. ಸೋಪಿನ ಪುಡಿ ಬೇಡವೇ ಬೇಡ. ಕಾರ್ಪೆಟ್ಟಿನಲ್ಲಿ ಉಳಿದ ಸೋಪು ಅಂಟಾಗಿ, ಧೂಳು ಮೊದಲಿಗಿಂತ ಬೇಗ ಹಿಡಿಯತ್ತೆ.

ಹಾಗೇ ಮುಚ್ಚಳದ ಸುತ್ತ ಇರೋ ರಬ್ಬರ್ ಮುಟ್ಟಿ ನೋಡಿ. ಗಡುಸಾಗಿದೆಯಾ? ಮಿಷನ್ ಓಡಿಸಿ ಬ್ರಷ್ಷಿನ ಬಾಯಿಗೆ ಅಂಗೈ ಮುಚ್ಚಿ. ಅಂಗೈ ಗಟ್ಟಿ ಕಚ್ಚಬೇಕು, ಮೋಟಾರ್ ಸದ್ದು ಏರಬೇಕು. ಕಚ್ಚದೇ ಇದ್ದರೆ ಎಲ್ಲೋ ಗಾಳಿ ಸೋರ್ತಿದೆ.

ಟಿಕೆ ಲೇಔಟ್ ಟೀಚರ್ (ಭಾನುವಾರ)

ತೊಳೆದ ಮೇಲೂ ಅರ್ಧಂಬರ್ಧ ಕಚ್ಚತ್ತೆ. ರಬ್ಬರ್ ಒಂದು ಕಡೆ ಸೀಳಿದೆ. ಅದು ಇಲ್ಲೆಲ್ಲೂ ಸಿಗಲ್ವಂತೆ.

ಶಾಮಿಯಾನ ಮಂಡ್ಯ

ಟೀಚರಮ್ಮ, ಸೈಕಲ್ ಟ್ಯೂಬ್ ಕತ್ತರ್ಸಿ ಆಕಿ. ನಮ್ ಜನರೇಟರ್ ಮುಚ್ಚಳಕ್ಕೆ ಎಲ್ಲಾ ಅದೇ.

ಹಳೇ ಮೋಟಾರ್

ಮಂಡ್ಯದಣ್ಣ ಹೇಳಿದ್ದು ನಡೆಯತ್ತೆ. ಹಳೇ ರಬ್ಬರ್ ಕಾಗದದ ಮೇಲಿಟ್ಟು ಗುರುತು ಹಾಕಿ, ಅದೇ ಅಗಲಕ್ಕೆ ಕತ್ತರಿಸಿ. ಕೂಡೋ ಜಾಗ ಮೂಲೆಯಲ್ಲಿ ಬೇಡ, ನೇರ ಬದಿಯಲ್ಲಿ ಬರಲಿ, ತುದಿ ಓರೆಯಾಗಿ ಕೊಯ್ದು ಪಂಚರ್ ಸೊಲ್ಯೂಷನ್ ಹಚ್ಚಿ.

ಟಿಕೆ ಲೇಔಟ್ ಟೀಚರ್ (ಎರಡನೇ ವಾರ, ಗುರುವಾರ)

ಟ್ಯೂಬ್ ಹಾಕಿದೆ. ಮೂಲೆ ಅಂಗಡಿಯ ಸೈಕಲ್ ಹುಡುಗ ದುಡ್ಡು ಬೇಡ ಅಂದ. ಅಂಗೈ ಈಗ ಎಷ್ಟು ಕಚ್ಚತ್ತೆ ಅಂದ್ರೆ ಬಿಡಿಸಿಕೊಂಡಾಗ ಚಟ್ ಅನ್ನತ್ತೆ.

ನಿನ್ನೆ ಕಾರ್ಪೆಟ್ ತೊಳೆದೆ. ಮೊದಲು ಹಿಂಬದಿ ಕೋಲಲ್ಲಿ ಬಡಿದೆ, ಎರಡು ಹಿಡಿ ಮಣ್ಣು ಉದುರಿತು. ಬಣ್ಣದ ಪರೀಕ್ಷೆ ಆಯ್ತು, ಬಿಳಿ ಬಟ್ಟೆ ಬಿಳಿಯಾಗೇ ಇತ್ತು. ಬರೀ ತಣ್ಣೀರು, ಜೊತೆಗೆ ಸ್ವೆಟರ್ ಒಗೆಯೋ ಲಿಕ್ವಿಡ್ ಅರ್ಧ ಚಮಚ. ಒಂದು ಸಲ ಚಿಮ್ಮಿಸಿ ಎಳೆಯೋದು, ಎರಡು ಸಲ ನೀರಿಲ್ಲದೆ ಬರೀ ಹೀರೋದು. ಕೊನೆಗೆ ಲಿಕ್ವಿಡ್ಡೂ ಇಲ್ಲದ ಬರೀ ನೀರಲ್ಲಿ ಇನ್ನೊಂದು ಸುತ್ತು. ಒಟ್ಟು 4 ಲೀಟರ್ ಹಾಕಿದೆ, ಅಳತೆ ಪಾತ್ರೆಯಲ್ಲಿ 3 ಲೀಟರ್ ವಾಪಸ್ ಬಂತು. ಬಂದ ನೀರಿನ ಬಣ್ಣ ಹೇಳಲ್ಲ. ನಾಲ್ಕು ಮಣೆ ಇಟ್ಟು ಅದರ ಮೇಲೆ ಮಲಗಿಸಿ ಫ್ಯಾನ್ ಹಾಕಿದೆ, ರಾತ್ರಿ ಹತ್ತಕ್ಕೆ ಮೇಲೆ ಒಣಗಿತ್ತು, ತಳ ಇವತ್ತು ಬೆಳಿಗ್ಗೆ. ಹಳದಿ ಇನ್ನೂ ಎರಡು ರೂಪಾಯಿ ಕಾಯಿನ್ನಷ್ಟು ಇದೆ. ಇವತ್ತು ಬಿಸಿಲು ಬಂದಿದೆ, ಬೆಡ್‌ಶೀಟಿಗೆ ಆ ಅಳತೆಯ ತೂತು ಮಾಡಿ ಮುಚ್ಚಿದೀನಿ. ಹಳೇ ಬೆಡ್‌ಶೀಟು.

ಎರಡು ನಾಯಿ ಒಂದು ಸೋಫಾ

ನಾಲ್ಕಕ್ಕೆ ಮೂರು! ಮೇಡಂ, ಸೈಕಲ್ ಟ್ಯೂಬಿನ ನಿಮ್ಮ ಮಿಷನ್ನೂ ನನ್ನ ವೆಟ್ ಅಂಡ್ ಡ್ರೈನ ಕಿರಿದಾದ ಬಾಯೂ ಒಂದೇ ಲೆಕ್ಕಕ್ಕೆ ಬಂತು. ನನ್ನದಕ್ಕೆ ಎಷ್ಟು ಕೊಟ್ಟೆ ಅಂತ ಇಲ್ಲಿ ಹೇಳಲ್ಲ.

ಅಂಟುವಾಳ

ಲಿಕ್ವಿಡ್ ಬದಲು ಅಂಟುವಾಳ ಹಾಕಬಹುದಿತ್ತು.

ಹಳೇ ಮೋಟಾರ್

ನೊರೆ, ಅಮ್ಮ, ನೊರೆ!

ಟೀಚರ್, ಎತ್ತಿಡೋ ಮುಂಚೆ ಎರಡೂ ಡಬ್ಬ ಖಾಲಿ ಮಾಡಿ. ಒಂದು ಲೋಟ ಕುಡಿಯೋ ನೀರು ಹಾಕಿ ಟ್ರಿಗರ್ ಒತ್ತಿ ಪೈಪಿನ ಒಳಗಿನ ನೀರೆಲ್ಲಾ ತಳ್ಳಿಬಿಡಿ. ಪೈಪಿನಲ್ಲಿ ನಿಂತ ಬೋರ್ ನೀರು ಆರಿದಾಗಲೇ ಆ ಸುಣ್ಣ ಕಟ್ಟೋದು. ಮುಚ್ಚಳ ತೆರೆದೇ ಇಡಿ.

ಟಿಕೆ ಲೇಔಟ್ ಟೀಚರ್ (ಶುಕ್ರವಾರ)

ಮಾಡಿದೆ ಸರ್. ಇನ್ನೊಂದು ಪ್ರಶ್ನೆ. ಕೆಳಗಿನ ಮನೆಯವರು ಹಬ್ಬಕ್ಕೆ ಸೋಫಾ ತೊಳೀಬೇಕು, ಮಿಷನ್ ಕೊಡಿ ಅಂತಿದಾರೆ. ಆ ಕಬ್ಬಿಣದ ಪೆಟ್ಟಿಗೆ ಭಾರ ನೋಡಿ, "ಅದು ಬೇಡ ಆಂಟಿ, ನಮ್ಮ ಹತ್ರ ಅಡಾಪ್ಟರ್ ಇದೆ" ಅಂದರು.

ಹಳೇ ಮೋಟಾರ್

ಕೊಡಬೇಡಿ! ಇಲ್ಲಾ, ನೀವೇ ಪೆಟ್ಟಿಗೆ ಎತ್ತಿಕೊಂಡು ಜೊತೆಗೆ ಇಳೀರಿ.